ಮೂವತ್ತೈದು ದಿನ ಚಿಕ್ಕವನಾದ ಅಣ್ಣ

ವಿರ್ಯೊ ತೀರಿಕೊಂಡ ಸುದ್ದಿ ಮಸೀದಿಯ ಮೈಕಿನಲ್ಲಿ ಬಂದಾಗ ತುಗಿನೊ ಬೆಳಗಿನ ಚಹಾ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟ. ದೇವರ ಹೆಸರು ಹೇಳಬೇಕಾದ ಹೊತ್ತು ಅದು. ಆದರೆ ಅವನ ಬಾಯಿಂದ ಬಂದದ್ದು ಬೇರೆಯೇ ಮಾತು.

"ನೋಡಿದ್ಯಾ, ಇದರಲ್ಲೂ ಅವನೇ ಮೊದಲು."

ಒಲೆಯ ಮುಂದಿದ್ದ ಹೆಂಡತಿ ಸುಮಿರಾ ತಿರುಗಿ ನೋಡಿದಳು. ಐವತ್ತು ವರ್ಷದ ಸಂಸಾರದಲ್ಲಿ ಗಂಡನ ಹೊಟ್ಟೆಕಿಚ್ಚು ಅವಳಿಗೆ ಒಲೆಯ ಬಿಸಿಯಷ್ಟೇ ಅಭ್ಯಾಸವಾಗಿತ್ತು.

"ಸಾಯೋದ್ರಲ್ಲೂ ಪೈಪೋಟಿನಾ? ಅಷ್ಟು ಅರ್ಜೆಂಟಿದ್ರೆ ನೀವೇ ಹೋಗ್ಬೇಕಿತ್ತು. ಯಾರು ಬೇಡ ಅಂದಿದ್ರು?" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕರೀ ಟೋಪಿ ಹಾಕ್ಕೊಂಡು ಹೊರಡಿ. ನಾನು ಬೋಗುಣಿಗೆ ಅಕ್ಕಿ ತುಂಬ್ಕೊಂಡು ಹಿಂದೆ ಬರ್ತೀನಿ."

ಸಾವಿನ ಮನೆಗೆ ಹೆಂಗಸರು ಬರಿಗೈಯಲ್ಲಿ ಹೋಗುವುದಿಲ್ಲ. ಗಂಡಸರು ಹೋಗಬಹುದು. ತುಗಿನೊ ಮಾತ್ರ ಬರಿಗೈಯಲ್ಲಿ ಹೋದರೂ ಹೊಟ್ಟೆ ತುಂಬ ಕಿಚ್ಚು ಹೊತ್ತುಕೊಂಡು ಹೋದ.

ಆ ಭಾರ ಹುಟ್ಟಿನಿಂದ ಬಂದದ್ದು. ತುಗಿನೊನ ಅಪ್ಪ ಮತ್ತು ವಿರ್ಯೊನ ಅಪ್ಪ ಅಣ್ಣತಮ್ಮಂದಿರು. ತುಗಿನೊ ಹುಟ್ಟಿ ಸರಿಯಾಗಿ ಮೂವತ್ತೈದು ದಿನಕ್ಕೆ, ಅಂದರೆ ಜಾವಾ ಪಂಚಾಂಗದ ಒಂದು ಸುತ್ತು ಮುಗಿದ ದಿನ, ವಿರ್ಯೊ ಹುಟ್ಟಿದ. ಬೇರೆ ಯಾವ ದೇಶದಲ್ಲಾದರೂ ತುಗಿನೊನೇ ದೊಡ್ಡವನು. ಆದರೆ ನಮ್ಮ ಜಾವಾದಲ್ಲಿ ಅಣ್ಣತನ ಹುಟ್ಟಿದ ದಿನ ನೋಡಿ ಬರುವುದಿಲ್ಲ, ಅಪ್ಪಂದಿರ ಸಾಲು ನೋಡಿ ಬರುತ್ತದೆ. ವಿರ್ಯೊನ ಅಪ್ಪ ಹಿರಿಯ. ಹಾಗಾಗಿ ತನಗಿಂತ ಮೂವತ್ತೈದು ದಿನ ಚಿಕ್ಕವನನ್ನು ತುಗಿನೊ ಬಾಯಿತುಂಬ 'ಕಾಂಗ್', ಅಣ್ಣ, ಅಂತ ಕರೆಯಬೇಕಾಯಿತು. ಮಾತು ಕಲಿತಾಗಿನಿಂದ ಎಪ್ಪತ್ತೊಂದನೇ ವಯಸ್ಸಿನವರೆಗೆ. ದಿನಕ್ಕೆ ನಾಲ್ಕು ಸಲ ಅಂತ ಹಿಡಿದರೂ ಎಷ್ಟು ಸಲ ಆ ಕಹಿ ನುಂಗಿರಬೇಕು, ನೀವೇ ಯೋಚಿಸಿ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಾಲಿಸೊಗೊ ಊರಿನ ಗದ್ದೆಗಳಿಗೆಲ್ಲ ಒಂದೇ ಕಾಲುವೆ. ತುಗಿನೊನ ಗದ್ದೆ ಮೇಲೆ, ವಿರ್ಯೊನದು ಅದರ ಕೆಳಗೆ. ನೀರು ಮೊದಲು ತುಗಿನೊನಿಗೆ, ಅವನು ಬಿಟ್ಟದ್ದು ವಿರ್ಯೊನಿಗೆ. ಒಂದೇ ಮಣ್ಣು, ಒಂದೇ ಬಿಸಿಲು. ಬೆಂಕಿಬೆಟ್ಟ ಬೂದಿ ಉಗುಳಿದರೆ ಇಬ್ಬರ ಪೈರಿನ ಮೇಲೂ ಒಂದೇ ಬೂದಿ. ಆದರೂ ತೆನೆ ಬಾಗುವ ಹೊತ್ತಿಗೆ ದಾರಿಯಲ್ಲಿ ಹೋಗುವವರು ಸೈಕಲ್ ಇಳಿದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದದ್ದು ಕೆಳಗಿನ ಗದ್ದೆಯನ್ನು. ಊರಿನಲ್ಲಿ ಎರಡನೇ ಒಳ್ಳೆಯ ಬೆಳೆ ಯಾವಾಗಲೂ ತುಗಿನೊನದೇ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಎರಡನೆಯವನ ಹೆಸರು ಯಾರಿಗೆ ನೆನಪಿರುತ್ತದೆ?

ವಿರ್ಯೊ ಅದೇನು ಮಂತ್ರ ಹಾಕುತ್ತಾನೆ ಅಂತ ತುಗಿನೊ ಬಾಳೆಯ ಮರೆಯಲ್ಲಿ ನಿಂತು ನೋಡಿದ್ದುಂಟು. ಬೆಳಗಿನ ನಮಾಜು ಮುಗಿಸಿ ವಿರ್ಯೊ ಸೀದಾ ಗದ್ದೆಗೆ ಬರುತ್ತಿದ್ದ. ಕಣಕಾಲು ಮುಳುಗುವ ತನಕ ಕೆಸರಲ್ಲಿ ಇಳಿದು ಸುಮ್ಮನೆ ನಿಲ್ಲುತ್ತಿದ್ದ. ಕಳೆ ಕೀಳುತ್ತಿರಲಿಲ್ಲ, ನೀರು ತಿರುಗಿಸುತ್ತಿರಲಿಲ್ಲ, ನಿಲ್ಲುತ್ತಿದ್ದ ಅಷ್ಟೆ. ಒಮ್ಮೊಮ್ಮೆ ಅಪಶ್ರುತಿಯಲ್ಲಿ ಹಾಡುತ್ತಲೂ ಇದ್ದ. ತುಗಿನೊ ತಾನೂ ಒಂದು ವಾರ ಹಾಗೆಯೇ ತನ್ನ ಗದ್ದೆಯಲ್ಲಿ ನಿಂತು ನೋಡಿದ. ನೆಗಡಿ ಬಂತು, ಕಾಲ್ಬೆರಳಿಗೆ ಏಡಿ ಕಚ್ಚಿತು.

ಕಂದು ಜಿಗಿಹುಳು ಬಿದ್ದ ವರ್ಷ ಊರಿನವರೆಲ್ಲ ಮೂರು ಮೂರು ಸಲ ಔಷಧಿ ಹೊಡೆದರು. ವಿರ್ಯೊ ಒಬ್ಬನೇ ಹೊಡೆಯಲಿಲ್ಲ. ಪೈರಿನ ಬುಡ ಬುಡಕ್ಕೂ ಬಗ್ಗಿ ಜೇಡ ಎಣಿಸುತ್ತಿದ್ದ. ತುಗಿನೊಗೆ ಹಬ್ಬವೇ ಸಿಕ್ಕಂತಾಯಿತು.

"ಕೇಳಿದ್ರಾ, ನಮ್ಮ ಕಾಂಗ್ ಈ ವರ್ಷ ಭತ್ತ ಬೆಳೆಯಲ್ವಂತೆ, ಜೇಡರ ಹುಳಕ್ಕೆ ಹೆಣ್ಣು ನೋಡ್ತಿದಾನಂತೆ!" ಅಂತ ಕಾಫಿ ಅಂಗಡಿಯಲ್ಲಿ ಕುಳಿತು ನಗಿಸಿದ್ದೇ ನಗಿಸಿದ್ದು.

ಮೂರು ವಾರಕ್ಕೆ ಊರಿನ ಗದ್ದೆಗಳೆಲ್ಲ ಬೆಂಕಿ ಬಿದ್ದಂತೆ ಕಂದಿ ಮಲಗಿದವು. ಔಷಧಿಗೆ ಸತ್ತದ್ದು ಹುಳು ತಿನ್ನುವ ಜೇಡ, ಬದುಕಿ ಉಳಿದದ್ದು ಜಿಗಿಹುಳು. ನಡುವೆ ಒಂದೇ ಒಂದು ಗದ್ದೆ ಹಸಿರಾಗಿ ನಿಂತಿತ್ತು. ಆಗ ವಿರ್ಯೊ ಒಂದು ಮಾತು, ಒಂದೇ ಒಂದು ಮಾತು, "ನಾನು ಹೇಳ್ಲಿಲ್ವಾ" ಅಂದಿದ್ದರೆ ಸಾಕಿತ್ತು. ತುಗಿನೊ ಜಗಳ ಕಾಯ್ದು ಹಗುರಾಗುತ್ತಿದ್ದ. ಆ ಪುಣ್ಯಾತ್ಮ ಅದನ್ನೂ ಕೊಡಲಿಲ್ಲ. ಕೊಯ್ಲು ಮುಗಿಸಿ ಬುಟ್ಟಿ ಬುಟ್ಟಿ ಬಿತ್ತನೆ ಭತ್ತ ಮನೆಮನೆಗೆ ಕಳಿಸಿದ. ತುಗಿನೊನ ಮನೆಗೆ ಮಾತ್ರ ತಾನೇ ಹೊತ್ತು ತಂದು ಜಗುಲಿಯ ಮೇಲಿಟ್ಟ.

"ನಿನ್ನ ಮಣ್ಣು ನನ್ನದಕ್ಕಿಂತ ವಾಸಿ ಕಣೋ. ಇದು ನಿನ್ನಲ್ಲಿ ಇನ್ನೂ ಚೆನ್ನಾಗಿ ಬರುತ್ತೆ," ಅಂದ.

ಅದು ಕೊಂಕೋ ಕನಿಕರವೋ ಅಂತ ತುಗಿನೊ ಮೂವತ್ತು ವರ್ಷದಿಂದ ಯೋಚಿಸುತ್ತಿದ್ದಾನೆ. ಬಿತ್ತಿದ. ಕೇಳಿದವರಿಗೆ ಪೇಟೆಯಿಂದ ತಂದ ಬೀಜ ಅಂದ. ಬೆಳೆ ಚೆನ್ನಾಗಿಯೇ ಬಂತು. ಅದೇ ಇನ್ನೂ ಸಂಕಟ.

ತುಗಿನೊ ಟೈಫಾಯಿಡ್ ಬಂದು ಮಲಗಿದ ವರ್ಷ ಅವನ ಪಾಲಿನ ಕಾಲುವೆಯ ಹೂಳನ್ನೂ ವಿರ್ಯೊನೇ ಎತ್ತಿದ. ಜಿಲ್ಲೆಯವರು ಮಾದರಿ ರೈತ ಅಂತ ವಿರ್ಯೊನಿಗೆ ಹಿತ್ತಾಳೆಯ ಫಲಕ ಕೊಟ್ಟರು. ತುಗಿನೊನ ಕೈಗೆ ಸಿಕ್ಕಿದ್ದರೆ ಅದಕ್ಕೆ ಚೌಕಟ್ಟು ಹಾಕಿಸಿ, ಬಂದವರ ತಲೆಗೆ ಬಾಗಿಲಲ್ಲೇ ತಾಗುವಂತೆ ನೇತುಹಾಕುತ್ತಿದ್ದ. ವಿರ್ಯೊ ಅದನ್ನು ಅಕ್ಕಿ ಮಡಕೆಗೆ ಮುಚ್ಚಳ ಮಾಡಿದ. "ಅಳತೆ ಸರೀಗಿದೆ, ಇಲಿ ಹೋಗಲ್ಲ," ಅಂತ ನಕ್ಕ. ಆಸೆಯೇ ಇಲ್ಲದವನ ಕೈಗೇ ಎಲ್ಲವನ್ನೂ ತಂದಿಡುವ ದೇವರ ನ್ಯಾಯ ತುಗಿನೊಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದೇ ಒಂದು ವಿಷಯದಲ್ಲಿ ತುಗಿನೊ ಗೆದ್ದಿದ್ದ. ವಿರ್ಯೊನಿಗೆ ಮಕ್ಕಳಿರಲಿಲ್ಲ. ತುಗಿನೊನಿಗೆ ಒಬ್ಬ ಮಗ, ಜತ್ಮಿಕೊ. ಹಬ್ಬದ ದಿನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ತುಗಿನೊ ಬೇಕೆಂದೇ ವಿರ್ಯೊನ ಮನೆಯ ಮುಂದೆ ಎರಡು ಸಲ ಹಾದುಹೋಗುತ್ತಿದ್ದ. ಆದರೆ ಮಗ ದೊಡ್ಡವನಾಗಿ ಬೇಸಾಯಕ್ಕೆ ಇಳಿದದ್ದೇ, ಏನಾದರೂ ಕೇಳಬೇಕಾದರೆ ಬದು ಇಳಿದು ಕೆಳಗಿನ ಗದ್ದೆಗೆ ಹೋಗತೊಡಗಿದ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ. ವಿರ್ಯೊನ ಮಂಡಿ ಹೋದ ಮೇಲೆ ಈ ಎರಡು ವರ್ಷ ಆ ಗದ್ದೆಯನ್ನು ನೋಡಿಕೊಂಡವನು ಜತ್ಮಿಕೊನೇ. ಮೂವತ್ತಾರು ವರ್ಷದ ಗಂಡಸು, ಎರಡು ಮಕ್ಕಳ ಅಪ್ಪ, ಊಟದ ಹೊತ್ತಿಗೆ ಬಾಯಿ ತೆರೆದರೆ "ಪಾಕ್ ವಿರ್ಯೊ ಹೀಗಂದ್ರು, ಪಾಕ್ ವಿರ್ಯೊ ಹಾಗಂದ್ರು". ಹಿರಿಯರಿಗೆಲ್ಲ 'ಪಾಕ್' ಅನ್ನುವುದು ವಾಡಿಕೆ, ಆದರೂ ಅದರ ಅರ್ಥ ಅಪ್ಪ.

ವಿರ್ಯೊನ ಅಂಗಳ ತುಂಬಿಹೋಗಿತ್ತು. ಬೈಕು ನಿಲ್ಲಿಸಲು ಜಾಗ ಸಾಲದೆ ಜನ ತುಗಿನೊನ ಮನೆಯ ಮುಂದೆಯೇ ನಿಲ್ಲಿಸಿದ್ದರು. ತುಗಿನೊ ತಲೆ ಎಣಿಸತೊಡಗಿದ, ನೂರ ಅರವತ್ತಕ್ಕೆ ಬಿಟ್ಟುಬಿಟ್ಟ. ಗುರುತೇ ಇಲ್ಲದ ಊರುಗಳಿಂದ ಬಂದಿದ್ದರು. ತಾನು ಸತ್ತರೆ ಎಷ್ಟು ಜನ ಬಂದಾರು? ನಲವತ್ತು? ಅದರಲ್ಲೂ ಅರ್ಧ ಜನ ಜತ್ಮಿಕೊನ ಮುಖ ನೋಡಿ ಬರುವವರು.

ಹಲಸಿನ ಮರದ ಕೆಳಗೆ ಕುರ್ಚಿ ಹಿಡಿದು ಕುಳಿತವನ ಹತ್ತಿರ ಮಗ ಬಂದು ಬಗ್ಗಿ ನಿಂತ. ಅವನ ಕಣ್ಣು ಅತ್ತು ಅತ್ತು ಊದಿದ್ದವು. ಅದನ್ನು ನೋಡಿಯೇ ತುಗಿನೊಗೆ ಮೈ ಉರಿಯಿತು.

"ಅಪ್ಪಾ, ಬು ಲಸಿಯೆಮ್ ಒಂದು ಮಾತು ಕೇಳಿದ್ರು." ಬು ಅಂದರೆ ಅಮ್ಮ, ಲಸಿಯೆಮ್ ವಿರ್ಯೊನ ಹೆಂಡತಿ.

"ಏನಂತೆ? ಗುಂಡಿ ತೋಡೋಕೆ ಜನ ಸಾಲ್ದಾ?"

"ಅಲ್ಲ. ಚಟ್ಟ ಎತ್ತಿದಾಗ ಕೆಳಗೆ ಹಾಯೋಕೆ ಅವರಿಗೆ ಮಕ್ಕಳಿಲ್ವಲ್ಲ. ನಾನು ಹಾಯ್ಬೋದಾ ಅಂತ."

ಹೆಣ ಅಂಗಳ ಬಿಡುವ ಮೊದಲು ಚಟ್ಟವನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಮಕ್ಕಳು, ಮೊಮ್ಮಕ್ಕಳು ತಲೆ ಬಗ್ಗಿಸಿ ಅದರ ಕೆಳಗೆ ಮೂರು ಸಲ ಹಾಯುತ್ತಾರೆ. ಇವರು ಹೊತ್ತದ್ದನ್ನು ನಾವು ಹೊರುತ್ತೇವೆ ಅಂತ ಅದರ ಅರ್ಥ. ಮಕ್ಕಳಿಲ್ಲದವರ ಚಟ್ಟ ಸುಮ್ಮನೆ ಹೋಗುತ್ತದೆ.

ಗೆದ್ದ ಒಂದೇ ಒಂದು ಪಂದ್ಯವನ್ನು ಸತ್ತು ಮಲಗಿದವನು ಕಿತ್ತುಕೊಳ್ಳಲು ಬಂದಿದ್ದ.

"ನಿನ್ನಪ್ಪ ಇನ್ನೂ ಬದುಕಿದಾನೆ ಕಣೋ."

"ಅದಕ್ಕೇ ಕೇಳ್ತಿರೋದು," ಅಂದ ಜತ್ಮಿಕೊ. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. "ನೀವು ಬೇಡ ಅಂದ್ರೆ ಹಾಯಲ್ಲ. ಆದ್ರೆ ಬೇಡ ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು."

ಅಷ್ಟರಲ್ಲಿ ಊರ ಮಸೀದಿಯ ಮೊದಿನ್ ಎದ್ದು ಕೆಮ್ಮಿದ. ಹೆಣಕ್ಕೆ ಸ್ನಾನ ಮಾಡಿಸಿ, ಬಟ್ಟೆ ಸುತ್ತಿ, ಪ್ರಾರ್ಥನೆ ಮಾಡಿ ಎಲ್ಲರನ್ನೂ ಕಳಿಸಿಕೊಡುವವನು ಆತನೇ. ಜನ ಎದ್ದು ನಿಂತರು.

"ಊರವರೇ, ನಿಮ್ಮನ್ನ ಸಾಕ್ಷಿ ಕೇಳ್ತಿದೀನಿ. ಈ ಮನುಷ್ಯ ಎಂಥವರಾಗಿದ್ರು?"

"ಒಳ್ಳೆಯವರು!" ಅಂಗಳವೆಲ್ಲ ಕೂಗಿತು.

ಈ ಮಾತನ್ನು ತುಗಿನೊ ಎಷ್ಟು ಸಾವಿನಲ್ಲಿ ಹೇಳಿದ್ದಾನೋ. ಊರಿನ ಕೋಳಿ ಕದಿಯುತ್ತಿದ್ದ ಸಾಜಿಮಾನ್ ಸತ್ತಾಗಲೂ ಗಟ್ಟಿಯಾಗಿಯೇ ಕೂಗಿದ್ದ. ಸುಳ್ಳಾದರೆ ನಾಲಗೆ ಹೊರಳುತ್ತದೆ. ಇವತ್ತು ಅದು ಅಂಗುಳಕ್ಕೆ ಅಂಟಿಕೊಂಡಿತ್ತು.

"ಎಂಥವರಾಗಿದ್ರು?"

"ಒಳ್ಳೆಯವರು!"

ಮೂರನೇ ಸಲವೂ ಕೇಳಿದ. ಎಲ್ಲರೂ ಕೂಗಿ ಮುಗಿಸಿದ ಮೇಲೆ, ಅಂಗಳ ಪೂರ್ತಿ ಸುಮ್ಮನಾದ ಮೇಲೆ, ತುಗಿನೊನ ಗಂಟಲಿನಿಂದ ಒಂದು ಒಡಕು ದನಿ ತಾನಾಗಿ ಬಂತು. "ಒಳ್ಳೆಯವನು."

ಎಲ್ಲರೂ ತಿರುಗಿ ನೋಡಿದರು. "ಪಾಪ, ತಮ್ಮ ಅಲ್ವಾ, ಕರುಳು," ಅಂತ ಹಿಂದೆ ಯಾವಳೋ ಮುದುಕಿ ಮೂಗೇರಿಸಿದಳು. ತುಗಿನೊಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎಂಟು ಜನ ಚಟ್ಟ ಎತ್ತಿದರು. ಹಸಿರು ಬಟ್ಟೆ, ಅದರ ಮೇಲೆ ಮಲ್ಲಿಗೆ ಸರ. ಮೊದಿನ್ ವಾಡಿಕೆಯಂತೆ "ಮಕ್ಕಳು ಬನ್ನಿ" ಅಂದ. ಅಂದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡ. ಯಾರೂ ಅಲ್ಲಾಡಲಿಲ್ಲ. ಲಸಿಯೆಮ್ ಜತ್ಮಿಕೊನ ಕಡೆ ನೋಡಿದಳು. ಜತ್ಮಿಕೊ ಅಪ್ಪನ ಕಡೆ ನೋಡಿದ. ಅವನ ಕಣ್ಣು ಹೋದ ಕಡೆ ಇಡೀ ಅಂಗಳದ ಕಣ್ಣು ಹೋಯಿತು.

ಅತ್ತ ದರಿ, ಇತ್ತ ಪುಲಿ. ಬೇಡ ಅಂದರೆ ಹೆಣದ ಮೇಲೂ ಹಗೆ ಸಾಧಿಸಿದ ಅಂತ ಊರು ಉಗಿಯುತ್ತದೆ. ಹೂಂ ಅಂದರೆ ನಾಳೆ ಕಾಫಿ ಅಂಗಡಿಯಲ್ಲಿ "ವಿರ್ಯೊನ ಮಗ ಬಂದ, ಜಾಗ ಬಿಡ್ರೋ" ಅನ್ನುತ್ತಾರೆ. ಹೆತ್ತವನು ತಾನು, ಹೆಸರು ಅವನದು. ತುಗಿನೊನ ತಲೆ ಕಾಲುವೆಯ ಸುಳಿಯಂತೆ ಒಂದೇ ಕಡೆ ಸುತ್ತಿತು. ಮಗ ಒಬ್ಬನೇ ಹಾದರೆ ವಿರ್ಯೊನ ಮಗನಾಗುತ್ತಾನೆ. ಮುಂದೆ ಅಪ್ಪ ಹೋಗಿ, ಹಿಂದೆ ಮಗ ಬಂದರೆ? ಆಗ ಅವನು ಅಪ್ಪನ ಹಿಂದೆ ಬಂದ ಮಗ. ಯಾರೂ ಏನೂ ಅನ್ನುವಂತಿಲ್ಲ.

ತುಗಿನೊ ಚಪ್ಪಲಿ ಬಿಟ್ಟ. ಲುಂಗಿ ಎತ್ತಿ ಕಟ್ಟಿದ. "ನಡಿ," ಅಂದ ಮಗನಿಗೆ. "ನನ್ನ ಹಿಂದೆ ಬಾ."

ಮೊದಿನ್ ಕೈ ಅಡ್ಡ ಹಿಡಿದ. "ಪಾಕ್ ತುಗಿನೊ, ನೀವು ವಯಸ್ಸಲ್ಲಿ ದೊಡ್ಡೋರು. ದೊಡ್ಡೋರು ಹಾಯೋ ಹಾಗಿಲ್ಲ."

"ಮೂವತ್ತೈದು ದಿನ ದೊಡ್ಡೋನು, ಎಪ್ಪತ್ತು ವರ್ಷದಿಂದ ತಮ್ಮ," ಅಂದ ತುಗಿನೊ. "ಯಾವುದು ಜಾಸ್ತಿ ನೀವೇ ಹೇಳಿ. ಕೈ ತೆಗೀರಿ."

ಮೊದಿನ್ ಕೈ ತೆಗೆದ.

ಮೊದಲ ಸುತ್ತಿನಲ್ಲಿ ತುಗಿನೊನ ಗಮನವೆಲ್ಲ ಹಿಂದೆ. ಮಗ ಬರುತ್ತಿದ್ದಾನೋ ಇಲ್ಲವೋ, ಜನ ನೋಡುತ್ತಿದ್ದಾರೋ ಇಲ್ಲವೋ. ಮಗನ ಕೈ ತನ್ನ ಬೆನ್ನಿಗೆ ತಾಗಿದ್ದು ಗೊತ್ತಾಯಿತು. ಅಲ್ಲಿಗೆ ಗೆದ್ದಾಯಿತು ಅಂದುಕೊಂಡ. ಎರಡನೇ ಸುತ್ತಿನಲ್ಲಿ ಮಂಡಿ ಚಳಕ್ ಅಂತು. ಮೂರನೇ ಸುತ್ತಿನಲ್ಲಿ, ಚಟ್ಟದ ನಡುಮಧ್ಯಕ್ಕೆ ಬಂದಾಗ, ಸೊಂಟ ನೆಟ್ಟಗೆ ಮಾಡಲೆಂದು ಮೇಲೆ ನೋಡಿದ. ಬಿದಿರಿನ ಹಲಗೆ ಗೇಣು ದೂರದಲ್ಲಿತ್ತು. ಹೊತ್ತವರ ತೋಳು ಸ್ವಲ್ಪವೂ ನಡುಗುತ್ತಿರಲಿಲ್ಲ. ಅಷ್ಟು ಹಗುರಾಗಿದ್ದ ವಿರ್ಯೊ.

ನಾಳೆ ಬೆಳಿಗ್ಗೆ ಬದುವಿನ ಮೇಲೆ ನಿಂತು ಕೆಳಗೆ ನೋಡಿದರೆ ಕೆಸರಿನಲ್ಲಿ ಯಾರೂ ಇರುವುದಿಲ್ಲ. ಆ ಮಾತು ಎದೆಗೆ ಗುದ್ದಿದಂತೆ ಹೊಳೆಯಿತು. ಇವನಿಗಿಂತ ಒಂದು ತೆನೆ ಹೆಚ್ಚು ಬೆಳೆಯಬೇಕು ಅಂತಲ್ಲವೇ ಜ್ವರದಲ್ಲೂ ಎದ್ದು ನೀರು ಕಟ್ಟಿದ್ದು? ಇವನ ಕಣ್ಣಿಗೆ ಬೀಳಲಿ ಅಂತಲ್ಲವೇ ಬದು ಅಷ್ಟು ನುಣ್ಣಗೆ ಸವರಿದ್ದು? ಇನ್ನು ಯಾರನ್ನು ನೋಡಿ ಉರಿಯಲಿ? ಯಾರಿಗೆ ತೋರಿಸಲಿ?

"ಎಲ್ಲಾ ತಗೊಂಡು ಹೊರಟ್ಯಲ್ಲೋ ಕಾಂಗ್," ಅಂದ ತುಗಿನೊ. ಪಿಸುಮಾತು ಅಂದುಕೊಂಡಿದ್ದ, ಅಂಗಳಕ್ಕೆಲ್ಲ ಕೇಳಿಸಿತು. ಕಾಲು ಮುಂದೆ ಹೋಗಲಿಲ್ಲ. ಅಲ್ಲೇ ನಿಂತು ಮಗುವಿನಂತೆ ಅತ್ತ.

"ಅಪ್ಪಾ, ನಡೀರಿ," ಅಂದ ಜತ್ಮಿಕೊ ಹಿಂದಿನಿಂದ. "ಹೊತ್ತೋರು ಕಾಯ್ತಿದಾರೆ." ಅಪ್ಪನ ಎರಡೂ ಭುಜ ಹಿಡಿದು ಮೆಲ್ಲಗೆ ಆಚೆಗೆ ತಂದ.

ಗೋರಿಯವರೆಗೂ ದಾರಿಯುದ್ದಕ್ಕೂ ಹೆಂಗಸರು ಅದನ್ನೇ ಮಾತಾಡಿಕೊಂಡರು. ತಮ್ಮ ಅಂದ್ರೆ ಹಿಂಗಿರ್ಬೇಕು, ವಯಸ್ಸು ನೋಡ್ದೆ ಬಗ್ಗಿದ್ರಲ್ಲ, ಎಂಥಾ ದೊಡ್ಡ ಗುಣ. ತುಗಿನೊ ತಲೆ ಎತ್ತಲಿಲ್ಲ. ಒಳಗೆ ಹೋಗಿದ್ದು ಹೊಟ್ಟೆಕಿಚ್ಚಿನಿಂದ ಅಂತ ಅವನಿಗೆ ಗೊತ್ತಿತ್ತು. ಒಳಗೆ ನಿಂತದ್ದು ಯಾತರಿಂದ ಅಂತ ಗೊತ್ತಿರಲಿಲ್ಲ.

ಮಣ್ಣು ಮುಚ್ಚಿ, ಹೂವು ಚೆಲ್ಲಿ, ಪ್ರಾರ್ಥನೆ ಮುಗಿಯಿತು. ದೂರದವರು ಹೊರಟರು. ಊರಿನ ರೈತರು ಮಾತ್ರ ಗೋರಿಯ ಹತ್ತಿರವೇ ಉಳಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಮಳೆ ಕಟ್ಟುತ್ತಿತ್ತು. ಇಷ್ಟು ವರ್ಷ ಸಸಿಮಡಿಗೆ ಬೀಜ ಹಾಕುವ ದಿನ ಹೇಳುತ್ತಿದ್ದವನನ್ನು ಈಗ ತಾನೇ ಹೂತಿದ್ದರು. ತುಗಿನೊ ಗಂಟಲು ಸರಿಮಾಡಿಕೊಂಡ. ಐವತ್ತು ವರ್ಷದ ಬೇಸಾಯ, ಊರಿನ ಎರಡನೇ ಬೆಳೆ. ಈಗ ಮೊದಲನೆಯವನಿಲ್ಲ. ಲೆಕ್ಕ ಕಷ್ಟದ್ದಲ್ಲ.

ಬಿಳಿ ಮೀಸೆಯ ಸಕಿಜಾನ್ ಮೊದಲು ಬಾಯಿಬಿಟ್ಟ. "ಬೀಜ ನೆನೆ ಹಾಕ್ಬಿಡೋಣ್ವಾ? ಏನಂತೀಯಾ?"

ಕೇಳಿದ್ದು ಜತ್ಮಿಕೊನನ್ನು.

ಜತ್ಮಿಕೊ ತಡವರಿಸಲಿಲ್ಲ. "ಹುಣಸೆ ಇನ್ನೂ ಚಿಗುರಿಲ್ಲ. ಗೆದ್ದಲು ರೆಕ್ಕೆ ಬಿಚ್ಚಿ ಎದ್ದಿಲ್ಲ. ಐದು ದಿನ ತಡೀರಿ," ಅಂದ.

ಅಜ್ಜಂದಿರೆಲ್ಲ ತಲೆಯಾಡಿಸಿದರು. ಐದು ದಿನ, ಐದು ದಿನ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಎರಡು ಮಾರು ದೂರದಲ್ಲಿ ನಿಂತಿದ್ದ ತುಗಿನೊನನ್ನು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಅವನೂ ಐದು ದಿನ ಅಂತಲೇ ಹೇಳುತ್ತಿದ್ದ.

ಆಗ ಅದು ಬಂತು. ಹೊಟ್ಟೆಯ ಬುಡದಲ್ಲಿ ಹೊತ್ತಿ, ಎದೆಗೆ ಏರಿ, ಕಿವಿ ಬಿಸಿ ಮಾಡಿ ನಿಂತಿತು. ಎಪ್ಪತ್ತು ವರ್ಷದ ಗುರುತು. ಗೋರಿಯಲ್ಲಿ ಹೂತುಬಿಟ್ಟೆ ಅಂದುಕೊಂಡಿದ್ದ ಉರಿ, ಒಂದು ತಾಸೂ ಆಗಿರಲಿಲ್ಲ, ಹೊಸ ವಿಳಾಸ ಹುಡುಕಿಕೊಂಡಿತ್ತು. ತುಗಿನೊಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ನಡೆಯಲು ಕಾಲಿಗೆ ಬಲವೂ ಬಂತು.

ಅವನು ಯಾರಿಗೂ ಹೇಳದೆ ಬೇಗ ಬೇಗ ಮನೆಗೆ ಬಂದ. ಸಾವಿನ ಮನೆಯ ಅಡುಗೆ ಮುಗಿಸಿ ಸುಮಿರಾ ಆಗಷ್ಟೇ ಬಂದು ಕಾಲು ಚಾಚಿದ್ದಳು.

"ಗುದ್ದಲಿ ಎಲ್ಲಿಟ್ಟಿದೀಯ?"

"ಕೈಗೆ ಮೆತ್ತಿದ ಗೋರಿ ಮಣ್ಣು ಇನ್ನೂ ಒಣಗಿಲ್ಲ. ಇವತ್ತು ಯಾರಾದ್ರೂ ಗದ್ದೆಗೆ ಇಳೀತಾರಾ?"

"ಅವನು ನಾಳೆ ಬೆಳಿಗ್ಗೆ ಇಳೀತಾನೆ. ಅಷ್ಟೊತ್ತಿಗೆ ನನ್ನ ಬದು ಪೂರ್ತಿ ಆಗಿರ್ಬೇಕು."

ಸುಮಿರಾ ಗಾಬರಿಯಿಂದ ಎದ್ದು ಕುಳಿತಳು. ಗಂಡನಿಗೆ ದುಃಖ ತಲೆಗೇರಿತು ಅಂತಲೇ ಅವಳು ತಿಳಿದಳು. "ಯಾರು ಇಳೀತಾನೆ? ಕಾಂಗ್ ವಿರ್ಯೊನ ಈಗ ತಾನೆ ಮಣ್ಣು ಮಾಡಿ ಬಂದ್ರಲ್ಲ!"

"ಅವನಲ್ಲ ಕಣೇ," ಅಂದ ತುಗಿನೊ, ಬಾಗಿಲ ಹಿಂದಿದ್ದ ಗುದ್ದಲಿ ಹೆಗಲಿಗೇರಿಸುತ್ತ. "ನಿನ್ನ ಮಗ."